ಮಹಿಳೆಯರ ಕ್ಯಾನ್ಸರ್ ತಪಾಸಣೆ: ಯಾರನ್ನು ಕೇಳಬೇಕು, ಏನೆಂದು ಕೇಳಬೇಕು?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಕಳೆದ ವರ್ಷ ನಮ್ಮ ಊರಿನಲ್ಲಿ ಹೆಂಗಸರಿಗಾಗಿ ಉಚಿತ ಕ್ಯಾನ್ಸರ್ ತಪಾಸಣಾ ಶಿಬಿರ ನಡೆಯಿತು. ಕೆಲವರಿಗೆ ‘ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿ’ ಎಂದು ಹೇಳಿದರು, ಉಳಿದವರಿಗೆ ಫಲಿತಾಂಶ ಏನಾಯಿತೆಂದೇ ತಿಳಿಯಲಿಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ಅಲ್ಲಿ ಈ ಪರೀಕ್ಷೆ ಮಾಡುವುದಿಲ್ಲ ಎನ್ನುತ್ತಾರೆ. ಬೆಂಗಳೂರಿನ ಹೆಂಗಸರಿಗೆ ಸಿಗುವ ತಪಾಸಣೆ ನಮಗೇಕೆ ಸಿಗಬಾರದು? ಪಂಚಾಯಿತಿ ಸಭೆಯಲ್ಲಿ ಈ ವಿಷಯ ಎತ್ತಿದಾಗ ‘ಆರೋಗ್ಯದ ವಿಚಾರದಲ್ಲಿ ರಾಜಕೀಯ ಬೇಡ’ ಎಂದು ಸುಮ್ಮನಾಗಿಸಿದರು. ನಾವು ಯಾರನ್ನು, ಏನೆಂದು, ಹೇಗೆ ಕೇಳಬೇಕು?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ವೈದ್ಯೆಯಾಗಿ ಒಂದು ಮಾತನ್ನು ಹೇಳಲೇಬೇಕು. ಶಿಬಿರದಲ್ಲಿ ‘ದೊಡ್ಡ ಆಸ್ಪತ್ರೆಗೆ ಹೋಗಿ’ ಎಂದು ಹೇಳಿಸಿಕೊಂಡು ಇನ್ನೂ ಹೋಗದೆ ಉಳಿದಿರುವ ಹೆಂಗಸರು ಯಾರು ಯಾರು ಎಂಬುದನ್ನು ಆಶಾ ಕಾರ್ಯಕರ್ತೆಯ ನೆರವಿನಿಂದ ಪಟ್ಟಿ ಮಾಡಿ, ಅವರನ್ನು ಈ ವಾರವೇ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಕಳಿಸುವ ವ್ಯವಸ್ಥೆ ಮಾಡಿರಿ. ಮುಟ್ಟು ನಿಂತ ಮೇಲೆ ರಕ್ತಸ್ರಾವ, ಗಂಡನೊಡನೆ ಕೂಡಿದ ನಂತರ ರಕ್ತ ಕಾಣಿಸುವುದು, ದುರ್ವಾಸನೆಯ ಬಿಳಿ ಸೆರಗು, ಸ್ತನದಲ್ಲಿ ಗಂಟು, ಮೊಲೆತೊಟ್ಟು ಒಳಗೆ ಎಳೆದುಕೊಳ್ಳುವುದು ಅಥವಾ ಅದರಿಂದ ರಕ್ತ ಬರುವುದು, ಇವುಗಳಲ್ಲಿ ಯಾವುದಿದ್ದರೂ ಅಂಥವರು ಮುಂದಿನ ಶಿಬಿರಕ್ಕಾಗಿ ಕಾಯಬಾರದು. ತಪಾಸಣೆಯೆಂಬುದು ಯಾವ ತೊಂದರೆಯೂ ಇಲ್ಲದವರಿಗೆ ಮಾಡುವ ಪರೀಕ್ಷೆ. ತೊಂದರೆ ಕಾಣಿಸಿಕೊಂಡವರಿಗೆ ಬೇಕಾಗಿರುವುದು ರೋಗನಿರ್ಣಯ, ಅದಕ್ಕೆ ಯಾವ ಯೋಜನೆಯ ಅನುಮತಿಯೂ ಬೇಕಿಲ್ಲ.

ಇನ್ನು ‘ರಾಜಕೀಯ ಬೇಡ’ ಎಂಬ ಮಾತು. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯ ಪಟ್ಟಿಗೆ ಸೇರಿದ ವಿಷಯಗಳು. ಯಾವ ತಾಲ್ಲೂಕಿಗೆ ಸ್ತ್ರೀರೋಗ ತಜ್ಞರ ಹುದ್ದೆ ಮಂಜೂರಾಗಬೇಕು, ಯಾವ ಕೇಂದ್ರಕ್ಕೆ ಪರೀಕ್ಷಾ ಮೇಜು ಹೋಗಬೇಕು, ಶುಶ್ರೂಷಕಿಯರ ತರಬೇತಿಗೆ ಹಣ ಎಷ್ಟು ಇಡಬೇಕು ಎಂಬುದೆಲ್ಲ ನಾವು ಮತ ಹಾಕಿ ಕಳಿಸಿದವರು ಮತ್ತು ಅವರ ಅಧೀನದ ಅಧಿಕಾರಿಗಳು ತೆಗೆದುಕೊಳ್ಳುವ ತೀರ್ಮಾನಗಳು. ಆದ್ದರಿಂದ ನೀವು ಕೇಳುತ್ತಿರುವುದು ರಾಜಕೀಯ ಪ್ರಶ್ನೆಯೇ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಪಕ್ಷದ ಬಾವುಟ ಹಿಡಿದು ಕೇಳುವುದು ಬೇರೆ, ಚುನಾಯಿತ ಸದಸ್ಯೆಯಾಗಿ ಲೆಕ್ಕ ಕೇಳುವುದು ಬೇರೆ. ಎರಡನೆಯದು ನಿಮ್ಮ ಕರ್ತವ್ಯದ ಭಾಗ.

ಮೊದಲು ತಿಳಿಯಬೇಕಾದದ್ದು ಇದು: ನೀವು ಹೊಸದಾಗಿ ಏನನ್ನೂ ಬೇಡುತ್ತಿಲ್ಲ. 2016ರಲ್ಲಿಯೇ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದ ಪ್ರತಿಯೊಬ್ಬ ಮಹಿಳೆಗೂ 5 ವರ್ಷಕ್ಕೊಮ್ಮೆ ಗರ್ಭಕಂಠ, ಸ್ತನ ಮತ್ತು ಬಾಯಿ ಕ್ಯಾನ್ಸರಿನ ತಪಾಸಣೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತವಾಗಿ ನಡೆಯಬೇಕು. 2018ರ ನಂತರ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದಾಗ, ಆಮೇಲೆ ಅವು ಆಯುಷ್ಮಾನ್ ಆರೋಗ್ಯ ಮಂದಿರಗಳೆಂದು ಹೆಸರು ಬದಲಿಸಿಕೊಂಡಾಗಲೂ ಈ ಸೇವೆ ಅವುಗಳ ಪಟ್ಟಿಯಲ್ಲಿ ಉಳಿದಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯೂ ಮನೆಮನೆಗೆ ಹೋಗಿ ಗುರುತಿಸಬೇಕಾದ ಕಾಯಿಲೆಗಳಲ್ಲಿ ಈ ಕ್ಯಾನ್ಸರುಗಳನ್ನು ಸೇರಿಸಿದೆ. ಕಾಗದದ ಮೇಲೆ ನಿಮ್ಮ ಊರಿನ ಹೆಂಗಸಿಗೂ ಬೆಂಗಳೂರಿನ ಹೆಂಗಸಿಗೂ ವ್ಯತ್ಯಾಸವಿಲ್ಲ.

ಕಾಗದದಿಂದಾಚೆಗೆ ಸ್ಥಿತಿ ಹೇಗಿದೆ ಎಂಬುದನ್ನು 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿತು. ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಜೀವನದಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ಶೇ. 1.9, ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 0.9. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಕಾರ್ಯತಂತ್ರದಲ್ಲಿ 2030ರ ಹೊತ್ತಿಗೆ ಶೇ. 70ರಷ್ಟು ಮಹಿಳೆಯರು 35 ಮತ್ತು 45ನೆಯ ವಯಸ್ಸಿನೊಳಗೆ ತಲಾ ಒಮ್ಮೆ ಉತ್ತಮ ಗುಣಮಟ್ಟದ ಪರೀಕ್ಷೆಗೆ ಒಳಗಾಗಿರಬೇಕು ಎಂದು ಗುರಿ ಇಟ್ಟಿದೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟು ಜೀವಗಳಿವೆ ಎಂಬುದಕ್ಕೆ ಇನ್ನೊಂದು ಲೆಕ್ಕವಿದೆ: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,27,000 ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬಂದಿತು, ಸುಮಾರು 80,000 ಮಂದಿ ಅದರಿಂದ ತೀರಿಕೊಂಡರು. ಕ್ಯಾನ್ಸರಿಗೆ ಮುಂಚಿನ ಹಂತದಲ್ಲಿಯೇ ಗುರುತಿಸಿದರೆ ಬರದಂತೆಯೇ ತಡೆಯಬಹುದಾದ ರೋಗ ಇದು. ಅದಕ್ಕಾಗಿಯೇ ಈ ಸಾವುಗಳನ್ನು ಹಣೆಬರಹವೆಂದು ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಅದೇ ಸಮೀಕ್ಷೆಯಲ್ಲಿ ತಮಿಳುನಾಡಿನ ಗರ್ಭಕಂಠ ತಪಾಸಣೆಯ ಪ್ರಮಾಣ ಶೇ. 9.8 ಇತ್ತು. ಅದೂ ಸಾಲದು, ಆದರೆ ದೇಶದ ಸರಾಸರಿಯ ಐದು ಪಟ್ಟು. ಅಲ್ಲಿನ ಹೆಂಗಸರಿಗೆ ನಾಚಿಕೆ ಕಡಿಮೆ ಎಂಬುದು ಇದಕ್ಕೆ ಕಾರಣವಲ್ಲ. ಅಲ್ಲಿನ ಸರ್ಕಾರ 2007ರ ಸುಮಾರಿಗೆ ತೇಣಿ ಮತ್ತು ತಂಜಾವೂರು ಜಿಲ್ಲೆಗಳಲ್ಲಿ ಪ್ರಯೋಗ ಆರಂಭಿಸಿ, ಸರ್ಕಾರಿ ಆರೋಗ್ಯ ಕೇಂದ್ರಗಳ ದಿನನಿತ್ಯದ ಕೆಲಸದೊಳಗೆ ಈ ಪರೀಕ್ಷೆಯನ್ನು ತಂದಿತು. ನಮ್ಮಲ್ಲಿ ಅಧಿಕಾರಿಗಳು ಸಭೆಗಳಲ್ಲಿ ‘ಹೆಂಗಸರೇ ಮುಂದೆ ಬರುವುದಿಲ್ಲ, ಜಾಗೃತಿ ಇಲ್ಲ’ ಎನ್ನುವುದನ್ನು ನಾನು ಬಹಳ ಕಡೆ ಕೇಳಿದ್ದೇನೆ. ಸಂಕೋಚ ಇರುವುದು ನಿಜ. ಆದರೆ ಬಾಗಿಲಿಗೆ ಚಿಲಕವಿಲ್ಲದ ಕೋಣೆಯಲ್ಲಿ, ಪರದೆಯಿಲ್ಲದ ಮೇಜಿನ ಮೇಲೆ, ಹೊರಗೆ ಗಂಡಸರು ಸಾಲುನಿಂತಿರುವಾಗ ಒಳಪರೀಕ್ಷೆಗೆ ಒಪ್ಪದ ಹೆಂಗಸಿನಲ್ಲಿ ಜಾಗೃತಿಯ ಕೊರತೆಯನ್ನು ಹುಡುಕುವುದು ನ್ಯಾಯವಲ್ಲ.

ಪರೀಕ್ಷೆಗೆ ಏನೇನು ಬೇಕೆಂದು ತಿಳಿದಿದ್ದರೆ ನಿಮ್ಮ ಬೇಡಿಕೆಗೆ ಖಚಿತತೆ ಬರುತ್ತದೆ. ಈಗ ನಮ್ಮ ಕಾರ್ಯಕ್ರಮದಲ್ಲಿರುವ ಗರ್ಭಕಂಠದ ಪರೀಕ್ಷೆಗೆ ವಿಐಎ ಎಂದು ಹೆಸರು. ತರಬೇತಿ ಪಡೆದ ಶುಶ್ರೂಷಕಿ ಸ್ಪೆಕ್ಯುಲಂ ಎಂಬ ಉಪಕರಣದಿಂದ ಗರ್ಭಕಂಠವನ್ನು ನೋಡಿ, ಅದಕ್ಕೆ ಶೇ. 3ರಿಂದ 5ರ ಅಸಿಟಿಕ್ ಆಮ್ಲವನ್ನು ಹಚ್ಚಿ, ಒಂದು ನಿಮಿಷ ಬಿಟ್ಟು ಮತ್ತೆ ನೋಡುತ್ತಾಳೆ. ಅನುಮಾನದ ಭಾಗ ಬೆಳ್ಳಗೆ ಕಾಣಿಸುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ, ಫಲಿತಾಂಶಕ್ಕೆ ಕಾಯಬೇಕಾಗಿಯೂ ಇಲ್ಲ. ಹೀಗಾಗಿ ನಿಮ್ಮ ಊರಿನ ಶಿಬಿರದಲ್ಲಿ ನಡೆದದ್ದು ವಿಐಎ ಆಗಿದ್ದರೆ ಫಲಿತಾಂಶವನ್ನು ಅಲ್ಲಿಯೇ ಹೇಳಿ ಕಳಿಸಬೇಕಿತ್ತು. ಬೇಕಾಗುವ ಸಾಮಗ್ರಿ ಸರಳ: ಮೇಜು, ಒಳ್ಳೆಯ ಬೆಳಕು, ಸಾಕಷ್ಟು ಸ್ಪೆಕ್ಯುಲಂಗಳು, ಅವುಗಳನ್ನು ಪ್ರತಿ ಬಾರಿಯೂ ಸೋಂಕುರಹಿತಗೊಳಿಸುವ ವ್ಯವಸ್ಥೆ, ಬಾಗಿಲು ಮುಚ್ಚುವ ಕೋಣೆ, ಹತ್ತಿರದಲ್ಲಿ ನೀರಿರುವ ಶೌಚಾಲಯ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಪರೀಕ್ಷೆ ನಿಂತುಹೋಗುತ್ತದೆ, ಅಥವಾ ಅದಕ್ಕಿಂತ ಕೆಟ್ಟದ್ದಾಗಿ, ಮಾಡಿದಂತೆ ದಾಖಲಾಗುತ್ತದೆ.

‘ಈ ಸರಳ ಪರೀಕ್ಷೆಯಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರವೇನು’ ಎಂದು ಯಾರಾದರೂ ಕೇಳಿದರೆ ಉತ್ತರ ನಮ್ಮ ದೇಶದಲ್ಲಿಯೇ ಇದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಆ ನಗರದ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ನಡೆಸಿದ ದೀರ್ಘ ಅಧ್ಯಯನದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮಾಡಿದ ವಿಐಎ ತಪಾಸಣೆಯಿಂದ ಗರ್ಭಕಂಠದ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಅಧ್ಯಯನದಲ್ಲಿ ಈ ಇಳಿಕೆ ಶೇ. 35. ನಮ್ಮ ಬೀದರ್ ಮತ್ತು ಕಲಬುರಗಿಗೆ ಅಂಟಿಕೊಂಡೇ ಇರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, 1,31,746 ಮಹಿಳೆಯರ ನಡುವೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಒಂದೇ ಒಂದು ಬಾರಿ ಮಾಡಿದ್ದರಿಂದ ಮುಂದಿನ ಎಂಟು ವರ್ಷಗಳಲ್ಲಿ ಸಾವು ಸರಿಸುಮಾರು ಅರ್ಧಕ್ಕೆ ಇಳಿಯಿತು. ಅದೇ ಅಧ್ಯಯನದಲ್ಲಿ ವಿಐಎಯಿಂದ ಅಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ವಿಐಎ ನೋಡುವವರ ಕಣ್ಣು ಮತ್ತು ಕೈಯನ್ನು ಅವಲಂಬಿಸಿದ ಪರೀಕ್ಷೆ. ಒಮ್ಮೆ ತರಬೇತಿ ಕೊಟ್ಟು ಕೈಬಿಟ್ಟರೆ ಅದರ ಗುಣಮಟ್ಟ ಕುಸಿಯುತ್ತದೆ.

ಈ ಅಧ್ಯಯನಗಳಲ್ಲಿ ಹೋಲಿಕೆಗಾಗಿ ತಪಾಸಣೆಯಿಲ್ಲದೆ ಬಿಟ್ಟ ಗುಂಪಿನ ಮಹಿಳೆಯರ ಬಗ್ಗೆ ಮುಂದೆ ಗಂಭೀರವಾದ ನೈತಿಕ ಆಕ್ಷೇಪಗಳು ಎದ್ದವು. ನನ್ನ ದೃಷ್ಟಿಯಲ್ಲಿ ಆ ಆಕ್ಷೇಪದ ಭಾರ ಇಂದು ನಮ್ಮ ಮೇಲಿದೆ. ಬಡ ಹೆಂಗಸರ ಮೇಲೆ ನಡೆದ ಅಧ್ಯಯನದಿಂದ ದೊರೆತ ತಿಳಿವಳಿಕೆ ಅಂಥದೇ ಬಡ ಹೆಂಗಸರಿಗೆ ಈವರೆಗೂ ಮುಟ್ಟಿಲ್ಲವೆಂದರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಈಗ ಏನನ್ನು ಕೇಳಬೇಕು ಎಂಬ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚಿನ ಹೋರಾಟಗಳು ಎಡವುವುದು ಇಲ್ಲಿಯೇ. ಜನಪ್ರತಿನಿಧಿಗಳಿಗೆ ಕೊಡಲು ಸುಲಭವಾದದ್ದು ಶಿಬಿರ. ಅದಕ್ಕೆ ಒಂದು ದಿನ ಸಾಕು, ಶಾಮಿಯಾನ ಹಾಕಬಹುದು, ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಆದರೆ ಕ್ಯಾನ್ಸರ್ ತಪಾಸಣೆ ಒಂದು ದಿನದ ಕೆಲಸವಲ್ಲ. ಕರೆಯುವುದು, ಪರೀಕ್ಷಿಸುವುದು, ಫಲಿತಾಂಶ ಹೇಳುವುದು, ಅನುಮಾನವಿದ್ದವರಿಗೆ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ನೋಡುವುದು) ಮತ್ತು ಬಯಾಪ್ಸಿ (ಚೂರು ಮಾಂಸ ತೆಗೆದು ಪರೀಕ್ಷಿಸುವುದು) ಮಾಡುವುದು, ಕ್ಯಾನ್ಸರಿಗೆ ಮುಂಚಿನ ಹಂತದಲ್ಲಿದ್ದರೆ ಥರ್ಮಲ್ ಅಬ್ಲೇಶನ್ (ಆ ಭಾಗವನ್ನು ಶಾಖದಿಂದ ಸುಡುವುದು) ಅಥವಾ ಕ್ರಯೋಥೆರಪಿಯಿಂದ (ಅತಿ ತಂಪಿನಿಂದ ನಾಶಪಡಿಸುವುದು) ಅಲ್ಲಿಯೇ ಗುಣಪಡಿಸುವುದು, ಕ್ಯಾನ್ಸರೇ ಆಗಿದ್ದರೆ ಚಿಕಿತ್ಸೆಗೆ ತಲುಪಿಸುವುದು, ಆಮೇಲೆ ಮತ್ತೆ ಕರೆದು ನೋಡುವುದು, ಇಷ್ಟೂ ಒಂದೇ ಸೇವೆಯ ಭಾಗಗಳು. ಎಚ್‌ಪಿವಿ ಸೋಂಕು ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಆ ದೀರ್ಘ ಅವಧಿಯಲ್ಲಿ ಮಾಡುವ ಸಣ್ಣ ಚಿಕಿತ್ಸೆಯೇ ಜೀವ ಉಳಿಸುವುದು, ಪರೀಕ್ಷೆಯೊಂದರಿಂದಲೇ ಯಾರ ಜೀವವೂ ಉಳಿಯುವುದಿಲ್ಲ. ‘ನಿನಗೆ ಏನೋ ಇದೆ’ ಎಂದು ಹೇಳಿ ದಾರಿ ತೋರಿಸದೆ ಕಳಿಸಿದರೆ ಆ ಹೆಂಗಸಿಗೆ ಸಿಕ್ಕಿದ್ದು ಭಯ ಮಾತ್ರ.

ಇದೇ ತೊಡಕನ್ನು ಅಮೆರಿಕದ ಮಹಿಳೆಯರೂ ಎದುರಿಸಿದ್ದರು. ಅಲ್ಲಿ 1990ರಲ್ಲಿ ಬಂದ ಕಾನೂನಿನಿಂದ ವಿಮೆಯಿಲ್ಲದ ಬಡ ಮಹಿಳೆಯರಿಗೆ ಸರ್ಕಾರಿ ವೆಚ್ಚದಲ್ಲಿ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ದೊರೆಯಿತು. ಆದರೆ ರೋಗ ಪತ್ತೆಯಾದವರ ಚಿಕಿತ್ಸೆಗೆ ಆ ಕಾನೂನು ಹಣ ಕೊಡಲಿಲ್ಲ. ಕಾರ್ಯಕ್ರಮದ ಸಿಬ್ಬಂದಿಯೇ ಪ್ರತಿಯೊಬ್ಬ ರೋಗಿಗೂ ದಾನಿಗಳನ್ನೋ ಕರುಣೆಯಿಂದ ಚಿಕಿತ್ಸೆ ಕೊಡುವ ವೈದ್ಯರನ್ನೋ ಹುಡುಕಬೇಕಾಯಿತು. ಸ್ತನ ಕ್ಯಾನ್ಸರಿನಿಂದ ಬದುಕುಳಿದ ಮಹಿಳೆಯರ ಸಂಘಟನೆಗಳು ವರ್ಷಗಟ್ಟಲೆ ಸಂಸದರ ಬೆನ್ನು ಹತ್ತಿದ ಮೇಲೆ, 2000ದಲ್ಲಿ ಎರಡನೆಯ ಕಾನೂನು ಬಂದು, ಹೀಗೆ ಪತ್ತೆಯಾದವರ ಚಿಕಿತ್ಸೆಯನ್ನು ಬಡವರ ಸರ್ಕಾರಿ ವಿಮೆಯಡಿ ಭರಿಸಲು ರಾಜ್ಯಗಳಿಗೆ ಅವಕಾಶವಾಯಿತು. ಹತ್ತು ವರ್ಷದ ಆ ವಿಳಂಬ ನಮ್ಮ ಬೇಡಿಕೆಪತ್ರದಲ್ಲಿ ಮರುಕಳಿಸಬಾರದು.

ನಮ್ಮ ರಾಜ್ಯದಲ್ಲಿ ಚಿಕಿತ್ಸೆಯ ಹಣಕ್ಕೆ ಒಂದು ದಾರಿ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಕಲಬುರಗಿಯಲ್ಲಿ ಪ್ರಾದೇಶಿಕ ಕೇಂದ್ರವಿದೆ. ಕೊರತೆ ಇರುವುದು ಹಳ್ಳಿಯ ಪರೀಕ್ಷಾ ಮೇಜಿಗೂ ಆ ಕೇಂದ್ರಕ್ಕೂ ನಡುವೆ: ತಾಲ್ಲೂಕು ಆಸ್ಪತ್ರೆಯಲ್ಲಿ ಕಾಲ್ಪೊಸ್ಕೋಪಿ ಇಲ್ಲ, ಬಯಾಪ್ಸಿಯ ವರದಿಗೆ ವಾರಗಟ್ಟಲೆ ಕಾಯಬೇಕು, ಓಡಾಟದಲ್ಲಿ ಕಳೆದುಹೋದ ಕೂಲಿ ಯಾವ ಯೋಜನೆಯಲ್ಲೂ ಬರುವುದಿಲ್ಲ. ನಿಮ್ಮ ಜಿಲ್ಲೆಯಲ್ಲಿ 2022ರಿಂದ ಏಮ್ಸ್‌ಗಾಗಿ ನಡೆದ ಸುದೀರ್ಘ ಧರಣಿಯನ್ನು ನಾನು ಗೌರವಿಸುತ್ತೇನೆ. ಆರೋಗ್ಯಕ್ಕಾಗಿ ಜನ ಬೀದಿಯಲ್ಲಿ ಕುಳಿತುಕೊಳ್ಳಬಲ್ಲರು ಎಂಬುದನ್ನು ಅದು ತೋರಿಸಿತು. ಆದರೆ ಏಮ್ಸ್ ಬಂದರೂ ಈ ನಡುವಿನ ಕೊಂಡಿ ತಾನಾಗಿ ಬೆಸೆದುಕೊಳ್ಳುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು.

ಸ್ತನ ಕ್ಯಾನ್ಸರಿನ ವಿಷಯದಲ್ಲಿ ಬೇಡಿಕೆ ಸ್ವಲ್ಪ ಬೇರೆಯಾಗಿರಬೇಕು. ಮ್ಯಾಮೊಗ್ರಫಿ (ಸ್ತನದ ಎಕ್ಸ್‌ರೇ) ಯಂತ್ರವಿರುವ ಬಸ್ಸು ಬೇಕೆಂದು ಹಲವರು ಕೇಳುತ್ತಾರೆ. ಯಂತ್ರ, ಅದನ್ನು ಓದುವ ರೇಡಿಯಾಲಜಿಸ್ಟ್, ನಂತರದ ಸೂಜಿ ಪರೀಕ್ಷೆ ಮೂರೂ ಇಲ್ಲದ ಜಿಲ್ಲೆಯಲ್ಲಿ ಅಂಥ ಬಸ್ಸು ವರ್ಷಕ್ಕೊಮ್ಮೆ ಬಂದು ಹೋಗುವುದರಿಂದ ಲಾಭ ಕಡಿಮೆ. ನಮ್ಮ ಕಾರ್ಯಕ್ರಮ ಆರಿಸಿಕೊಂಡಿರುವುದು ತರಬೇತಿ ಪಡೆದ ಕಾರ್ಯಕರ್ತೆ ಕೈಯಿಂದ ಮಾಡುವ ಸ್ತನ ಪರೀಕ್ಷೆಯನ್ನು. ಮುಂಬೈಯಲ್ಲಿ 20 ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪರೀಕ್ಷೆಯಿಂದ ರೋಗ ಬೇಗನೆ ಪತ್ತೆಯಾಗುವುದು ಕಂಡಿತು, 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿಯಿತು, ಅದಕ್ಕಿಂತ ಕಿರಿಯರಲ್ಲಿ ಸಾವಿನ ಪ್ರಮಾಣದಲ್ಲಿ ಅಂಥ ಲಾಭ ಕಾಣಲಿಲ್ಲ. ಆದ್ದರಿಂದ ನಿಮ್ಮ ತಾಲ್ಲೂಕಿಗೆ ನಾನು ಸೂಚಿಸುವ ಬೇಡಿಕೆ ಎರಡೇ: ಈ ಪರೀಕ್ಷೆ ಮಾಡಬಲ್ಲ ಕಾರ್ಯಕರ್ತೆ ಪ್ರತಿ ಕೇಂದ್ರದಲ್ಲಿರಬೇಕು, ಗಂಟು ಕಂಡವರಿಗೆ ನಿಗದಿತ ದಿನಗಳೊಳಗೆ ಅಲ್ಟ್ರಾಸೌಂಡ್ ಮತ್ತು ಸೂಜಿ ಪರೀಕ್ಷೆ ಜಿಲ್ಲಾ ಕೇಂದ್ರದಲ್ಲಿ ಖಚಿತವಾಗಿ ಸಿಗಬೇಕು.

ಕಲ್ಯಾಣ ಕರ್ನಾಟಕದ ಹೆಂಗಸರ ಬಗ್ಗೆ ಮಾತಾಡುವಾಗ ಗರ್ಭಕೋಶ ತೆಗೆಸುವ ವಿಷಯವನ್ನು ಬಿಡುವಂತಿಲ್ಲ. ಕಳೆದ ದಶಕದಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರಿಗೆ, ಅವರಲ್ಲಿ ಅನೇಕರಿಗೆ ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ, ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬುದನ್ನು ಕರ್ನಾಟಕ ಜನಾರೋಗ್ಯ ಚಳುವಳಿಯಂಥ ಸಂಘಟನೆಗಳು ಹೊರಗೆ ತಂದವು, ಆ ಮಹಿಳೆಯರೇ ಬೀದಿಗಿಳಿದು ನ್ಯಾಯ ಕೇಳಿದರು. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದವರಿಗೆ ‘ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸುವುದು ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ದೂರು. ಇತರ ರಾಜ್ಯಗಳ ಇಂಥದೇ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಸಲ್ಲಿಸಿದ್ದ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶಿಸಿತು. ಸರ್ಕಾರಿ ಕೇಂದ್ರದಲ್ಲಿ ನಂಬಿಕೆಯ ತಪಾಸಣೆ ಇಲ್ಲದಿರುವಾಗಲೇ ಹೆದರಿಕೆಯ ವ್ಯಾಪಾರ ಬೆಳೆಯುತ್ತದೆ. ಆಗ ಬಡ ಹೆಂಗಸಿಗೆ ಎರಡು ಕಡೆಯಿಂದಲೂ ಅನ್ಯಾಯ: ಬೇಕಾದ ಪರೀಕ್ಷೆ ಸಿಗುವುದಿಲ್ಲ, ಬೇಡದ ಶಸ್ತ್ರಚಿಕಿತ್ಸೆ ಸಾಲ ಮಾಡಿಸಿ ನಡೆಯುತ್ತದೆ. ನಿಮ್ಮ ಬೇಡಿಕೆಯಲ್ಲಿ ಇವೆರಡನ್ನೂ ಜೋಡಿಸಿ ಬರೆಯಿರಿ.

ನ್ಯಾಯಯುತ ಹಂಚಿಕೆ ಎಂದಾಗ ತಾಲ್ಲೂಕಿಗೆ ಒಂದು ಕೇಂದ್ರ ತೆರೆದರೆ ಸಾಕಾಗದು. ಯಾರು ಹೊರಗೆ ಉಳಿಯುತ್ತಾರೆ ಎಂದು ಊರಿನವರೇ ಹೇಳಬಲ್ಲರು. ನಿಮ್ಮ ಭಾಗದಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ, ಮುಂಗಾರಿಗೆ ಮರಳುತ್ತವೆ. ಆ ನಡುವೆ ಬೇಸಿಗೆಯಲ್ಲಿ ತಪಾಸಣೆ ಇಟ್ಟರೆ ದುಡಿಯುವ ಹೆಂಗಸರು ಪಟ್ಟಿಯಲ್ಲೇ ಇರುವುದಿಲ್ಲ. ಹೊಲದ ಕೆಲಸದ ದಿನಗಳಲ್ಲಿ ಬೆಳಗ್ಗೆ ಹತ್ತಕ್ಕೆ ಬನ್ನಿ ಎಂದರೆ ಒಂದು ದಿನದ ಕೂಲಿ ಹೋಗುತ್ತದೆ. ತಾಂಡಾಗಳು, ಊರಾಚೆಯ ಕೇರಿಗಳು, ಒಂಟಿ ಹೆಂಗಸರು, ಮಾಜಿ ದೇವದಾಸಿಯರು, ಅಂಗವಿಕಲ ಮಹಿಳೆಯರು ಬಹುತೇಕ ಕೊನೆಯಲ್ಲಿ ಬರುತ್ತಾರೆ, ಅಥವಾ ಬರುವುದೇ ಇಲ್ಲ. ಎಚ್‌ಐವಿ ಇರುವ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರಿನ ಅಪಾಯ ಇತರರಿಗಿಂತ ಸುಮಾರು ಆರು ಪಟ್ಟು. ಅವರಿಗೆ 25ನೆಯ ವಯಸ್ಸಿನಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ತಪಾಸಣೆ ಆಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉತ್ತರ ಕರ್ನಾಟಕದ ಎಆರ್‌ಟಿ ಕೇಂದ್ರಗಳಿಗೆ ಔಷಧಿಗಾಗಿ ಬರುವ ಈ ಮಹಿಳೆಯರಿಗೆ ಅಲ್ಲಿಯೇ ಪರೀಕ್ಷೆ ಸಿಗುವಂತೆ ಮಾಡುವುದು ಹೆಚ್ಚು ಖರ್ಚಿನ ಕೆಲಸವೇನಲ್ಲ.

ಯಾರನ್ನು ಕೇಳಬೇಕು ಎಂಬುದಕ್ಕೆ ಈಗ ಕ್ರಮವಾಗಿ ಹೇಳುತ್ತೇನೆ. ಮೊದಲ ಹೆಜ್ಜೆ ಮಾಹಿತಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ 10 ರೂಪಾಯಿ ಶುಲ್ಕದ ಅರ್ಜಿ ಕೊಡಿ. ಬಿಪಿಎಲ್ ಚೀಟಿ ಇರುವವರು ಕೊಟ್ಟರೆ ಶುಲ್ಕವೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, ಆದ್ದರಿಂದ ಪ್ರಶ್ನೆ ಚಿಕ್ಕದಾಗಿರಲಿ. ಕಳೆದ ಆರ್ಥಿಕ ವರ್ಷದಲ್ಲಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ತಪಾಸಣೆಗೆ ಅರ್ಹರಾದ ಮಹಿಳೆಯರೆಷ್ಟು, ವಿಐಎ ಆದವರೆಷ್ಟು, ಅನುಮಾನ ಕಂಡವರೆಷ್ಟು, ಅವರಲ್ಲಿ ಮುಂದಿನ ಪರೀಕ್ಷೆ ಆದವರೆಷ್ಟು, ಚಿಕಿತ್ಸೆ ಮುಗಿಸಿದವರೆಷ್ಟು, ವಿಐಎ ತರಬೇತಿ ಪಡೆದ ಸಿಬ್ಬಂದಿ ಎಷ್ಟು ಮಂದಿ ಎಂದು ಕೇಳಿ. ಹೆಸರುಗಳನ್ನು ಕೇಳಬೇಡಿ, ಅದು ಹೆಂಗಸರ ಖಾಸಗಿತನಕ್ಕೆ ಧಕ್ಕೆ. 30 ದಿನದೊಳಗೆ ಉತ್ತರ ಬರಬೇಕು. ಸಾಮಾನ್ಯವಾಗಿ ‘ತಪಾಸಣೆ ಆದವರು’ ಎಂಬ ಸಾಲಿನಲ್ಲಿ ದೊಡ್ಡ ಅಂಕಿ ಇರುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬಿದ ಪ್ರಶ್ನಾವಳಿಯೂ ಕೆಲವೊಮ್ಮೆ ಆ ಅಂಕಿಯೊಳಗೆ ಸೇರಿರಬಹುದು. ಕೊನೆಯ ಸಾಲು, ಅಂದರೆ ಚಿಕಿತ್ಸೆ ಮುಗಿಸಿದವರ ಸಂಖ್ಯೆ, ನಿಮ್ಮ ನಿಜವಾದ ಅಳತೆಗೋಲು.

ಎರಡನೆಯದು ನಿಮ್ಮದೇ ವೇದಿಕೆಗಳು. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದೆ. ಮಹಿಳಾ ಗ್ರಾಮ ಸಭೆಯಲ್ಲಿ ಈ ವಿಷಯ ಮಂಡಿಸಿ ಠರಾವು ಮಾಡಿದರೆ ಅದಕ್ಕೆ ಒಬ್ಬ ಸದಸ್ಯೆಯ ಮಾತಿಗಿಂತ ಹೆಚ್ಚು ತೂಕ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ, ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಇವೆರಡಕ್ಕೂ ಸಣ್ಣ ಅನುದಾನವಿದೆ. ಪರದೆ, ದೀಪ, ಚಿಲಕದಂಥವುಗಳಿಗೆ ಅಲ್ಲಿಂದಲೇ ಹಣ ಒದಗಿಸಬಹುದು, ಅವುಗಳಿಗಾಗಿ ವಿಧಾನಸೌಧದವರೆಗೆ ಹೋಗಬೇಕಿಲ್ಲ. ಸ್ವಸಹಾಯ ಸಂಘಗಳನ್ನು ಆರಂಭದಿಂದಲೇ ಜೊತೆಗೂಡಿಸಿಕೊಳ್ಳಿ.

ಮೂರನೆಯದು ತಾಲ್ಲೂಕು ಮತ್ತು ಜಿಲ್ಲೆ. ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ತಾಲ್ಲೂಕು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ, ಉಸ್ತುವಾರಿ ಸಚಿವರ ಅಧ್ಯಕ್ಷತೆಯ ಜಿಲ್ಲಾ ಕೆಡಿಪಿ ಸಭೆ, ಇಲ್ಲಿ ಆರೋಗ್ಯ ಇಲಾಖೆಯ ಪ್ರಗತಿ ಪರಿಶೀಲನೆ ಆಗುತ್ತದೆ. ಹೆರಿಗೆ, ಲಸಿಕೆಗಳ ಅಂಕಿ ಕೇಳುವಂತೆ ಗರ್ಭಕಂಠ ತಪಾಸಣೆಯ ಅಂಕಿಯನ್ನೂ ಪ್ರತಿ ಸಭೆಯಲ್ಲಿ ಕೇಳಬೇಕೆಂದು ಶಾಸಕರನ್ನು ಲಿಖಿತವಾಗಿ ಕೋರಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋದದ್ದರಿಂದ ಇಂಥ ಪ್ರಶ್ನೆ ಕೇಳುವ ಒಂದು ಇಡೀ ಸ್ತರವೇ ಇಲ್ಲವಾಯಿತು. ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ ಅಷ್ಟರಮಟ್ಟಿಗೆ ಹೆಚ್ಚಿದೆ.

ನಾಲ್ಕನೆಯದು ಹಣ. ಸಂವಿಧಾನದ 371ಜೆ ವಿಧಿಯ ಬಲದಿಂದ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024–25ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಹೆಚ್ಚಿನವು ಈ ಭಾಗದವು. ರಸ್ತೆ, ಕಟ್ಟಡಗಳಿಗೆ ಹಣ ಕೇಳುವವರು ಬಹಳ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಒಂದು ಕಾಲ್ಪೊಸ್ಕೋಪ್, ಒಂದು ಥರ್ಮಲ್ ಅಬ್ಲೇಶನ್ ಸಾಧನ, ಜಿಲ್ಲೆಗೆ ಎಚ್‌ಪಿವಿ ಪರೀಕ್ಷೆಯ ವ್ಯವಸ್ಥೆ, ಅನುಮಾನ ಕಂಡವರ ಪ್ರಯಾಣ ವೆಚ್ಚ ಎಂಬ ಖಚಿತವಾದ ಬೇಡಿಕೆಯನ್ನು ಮಂಡಳಿಯ ಮುಂದೆ ಇಟ್ಟವರು ಕಡಿಮೆ. ಎಚ್‌ಪಿವಿ ಪರೀಕ್ಷೆಯ ಇನ್ನೊಂದು ಅನುಕೂಲವೆಂದರೆ ಹೆಂಗಸು ತಾನೇ ಮಾದರಿ ತೆಗೆದು ಕೊಡಬಹುದು, ಒಳಪರೀಕ್ಷೆಯ ಸಂಕೋಚ ಅಷ್ಟು ಕಡಿಮೆಯಾಗುತ್ತದೆ. ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳುವಂತೆ ನಿಮ್ಮ ಶಾಸಕರಿಗೆ, ಪಕ್ಷ ಯಾವುದೇ ಇರಲಿ, ಪ್ರಶ್ನೆಯನ್ನು ನೀವೇ ಬರೆದುಕೊಡಿ. ಬೆಳಗಾವಿಯ ಚಳಿಗಾಲದ ಅಧಿವೇಶನ ಇದಕ್ಕೆ ಒಳ್ಳೆಯ ಸಮಯ.

ಆಶಾ ಕಾರ್ಯಕರ್ತೆಯರನ್ನು ಎದುರು ಹಾಕಿಕೊಂಡು ಈ ಕೆಲಸ ಆಗದು. ಮನೆಮನೆಗೆ ಹೋಗುವವರು ಅವರೇ, ಊರಿನ ಸಿಟ್ಟು ಮೊದಲು ಬೀಳುವುದೂ ಅವರ ಮೇಲೆಯೇ. 2025ರ ಜನವರಿಯಲ್ಲಿ ಕೊರೆವ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಹಗಲಿರುಳು ಕುಳಿತಿದ್ದರು. ಅವರ ದುಡಿಮೆಗೆ ಸರಿಯಾದ ಸಂಭಾವನೆ ಕೇಳುವುದು ನಿಮ್ಮ ತಪಾಸಣೆಯ ಬೇಡಿಕೆಯ ಒಂದು ಭಾಗವಾಗಲಿ.

ಎಚ್ಚರಿಕೆಯ ಮಾತೊಂದಿದೆ. ಒತ್ತಡ ಹೆಚ್ಚಿದಾಗ ಇಲಾಖೆ ಗುರಿ ನಿಗದಿ ಮಾಡುತ್ತದೆ, ಗುರಿ ಬಂದೊಡನೆ ಬಲವಂತ ಬರುವ ಸಂಭವವಿದೆ. ಕುಟುಂಬ ಯೋಜನೆಯ ಗುರಿಗಳ ಕಾಲವನ್ನು ನೋಡಿದ ಹಿರಿಯರು ನಿಮ್ಮ ಊರಿನಲ್ಲಿಯೂ ಇದ್ದಾರು. ಪರೀಕ್ಷೆ ಏನು, ಏಕೆ ಎಂದು ವಿವರಿಸಿ ಒಪ್ಪಿಗೆ ಪಡೆಯಬೇಕು, ಬೇಡವೆಂದ ಹೆಂಗಸಿಗೆ ರೇಷನ್ನೋ ಪಿಂಚಣಿಯೋ ನಿಲ್ಲುತ್ತದೆಂಬ ಬೆದರಿಕೆ ಎಲ್ಲಿಯೂ ಬರಕೂಡದು. ಹಾಗೆಯೇ, 9ರಿಂದ 14 ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಡುವುದನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ. ಆದರೆ ‘ಲಸಿಕೆ ಬಂತಲ್ಲ, ಇನ್ನು ತಪಾಸಣೆ ಏಕೆ’ ಎಂಬ ಮಾತನ್ನು ಒಪ್ಪಬೇಡಿ. ಆ ಹುಡುಗಿಯರ ತಾಯಂದಿರಿಗೆ ಲಸಿಕೆಯ ಕಾಲ ಮೀರಿದೆ, ಅವರಿಗಿರುವ ರಕ್ಷಣೆ ತಪಾಸಣೆಯೊಂದೇ.

ಠರಾವನ್ನು ಹೇಗೆ ಬರೆಯಬೇಕೆಂದು ನೀವು ಕೇಳದಿದ್ದರೂ ಒಂದು ಮಾದರಿ ಕೊಡುತ್ತೇನೆ, ನಿಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಿ: ‘ನಮ್ಮ ಪಂಚಾಯಿತಿ ವ್ಯಾಪ್ತಿಯ 30ರಿಂದ 65 ವರ್ಷದ ಎಲ್ಲ ಮಹಿಳೆಯರಿಗೆ 2016ರ ಮಾರ್ಗಸೂಚಿಯಂತೆ ಗರ್ಭಕಂಠ, ಸ್ತನ ಮತ್ತು ಬಾಯಿ ಕ್ಯಾನ್ಸರ್ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರದಲ್ಲಿ ಒಂದು ನಿಗದಿತ ದಿನ, ಕೂಲಿ ಕೆಲಸ ತಪ್ಪದ ವೇಳೆಯಲ್ಲಿ, ತರಬೇತಿ ಪಡೆದ ಮಹಿಳಾ ಸಿಬ್ಬಂದಿಯಿಂದ ನಡೆಸಬೇಕು. ಫಲಿತಾಂಶವನ್ನು ಅದೇ ದಿನ ಬರಹದಲ್ಲಿ ಕೊಡಬೇಕು. ಅನುಮಾನ ಕಂಡವರಿಗೆ 30 ದಿನದೊಳಗೆ ಮುಂದಿನ ಪರೀಕ್ಷೆ ಮತ್ತು ಚಿಕಿತ್ಸೆ ಆರಂಭವಾಗುವಂತೆ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ಹೆಸರಿಸಬೇಕು. ಅರ್ಹರು, ಪರೀಕ್ಷೆಯಾದವರು, ಚಿಕಿತ್ಸೆ ಮುಗಿಸಿದವರು ಎಷ್ಟು ಎಂಬ ಅಂಕಿಯನ್ನು, ಹೆಸರುಗಳಿಲ್ಲದೆ, ಮೂರು ತಿಂಗಳಿಗೊಮ್ಮೆ ಪಂಚಾಯಿತಿಗೆ ಸಲ್ಲಿಸಬೇಕು.’ ಇದರ ಪ್ರತಿಗಳನ್ನು ತಾಲ್ಲೂಕು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಶಾಸಕರು ಮತ್ತು ಪ್ರದೇಶಾಭಿವೃದ್ಧಿ ಮಂಡಳಿಯ ಕಾರ್ಯದರ್ಶಿಗಳಿಗೆ ಕಳಿಸಿ, ಸ್ವೀಕೃತಿಯನ್ನು ಪಡೆದು ಪಂಚಾಯಿತಿ ಕಡತದಲ್ಲಿ ಇಡಿ. ಅಕ್ಕಪಕ್ಕದ ನಾಲ್ಕೈದು ಪಂಚಾಯಿತಿಗಳಲ್ಲಿಯೂ ಇದೇ ಠರಾವು ಆಗುವಂತೆ ಅಲ್ಲಿನ ಸದಸ್ಯೆಯರೊಡನೆ ಈಗಲೇ ಮಾತಾಡಿರಿ, ಮುಂದಿನ ಕೆಡಿಪಿ ಸಭೆಗೆ ಅವೆಲ್ಲ ಒಟ್ಟಿಗೆ ತಲುಪಲಿ.